ಗೆದ್ದವನಿಗೂ ಪ್ರಾಯಶ್ಚಿತ್ತ

ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿರುವ ‘ಹೊರೇಷಿಯರ ಪ್ರತಿಜ್ಞೆ’ ನಾಲ್ಕು ಮೀಟರಿಗೂ ಮಿಕ್ಕ ಅಗಲದ ಚಿತ್ರ. ಫ್ರೆಂಚ್ ಕಲಾವಿದ ಜಾಕ್ ಲೂಯಿ ದಾವೀದ್ ಇದನ್ನು ಬರೆದದ್ದು 1784ರಲ್ಲಿ, ರೋಮ್ ನಗರದಲ್ಲಿದ್ದಾಗ. ನಡುವೆ ತಂದೆ ಮೂರು ಕತ್ತಿಗಳನ್ನು ಎತ್ತಿ ಹಿಡಿದಿದ್ದಾನೆ; ಎಡಗಡೆ ಮೂವರು ಮಕ್ಕಳು ಅವುಗಳತ್ತ ಕೈ ಚಾಚಿ ಆಣೆ ಮಾಡುತ್ತಿದ್ದಾರೆ. ನೋಡುವವರ ಕಣ್ಣು ಅಲ್ಲೇ ನಿಲ್ಲುತ್ತದೆ. ಬಲಗಡೆ ಕುಸಿದು ಕೂತ ಹೆಂಗಸರನ್ನು ಕಡೆಗೆ ನೋಡುತ್ತಾರೆ.

ಪ್ರಶ್ನೆ ಇರುವುದು ಆ ಹೆಂಗಸರ ಬಳಿಯೇ. ಒಬ್ಬರು ಮಾಡಿದ ಆಣೆಗೆ ಇನ್ನೊಬ್ಬರು ಯಾಕೆ ಬೆಲೆ ತೆರಬೇಕು?

ಕಥೆ ರೋಮ್‌ನ ಅರಸರ ಕಾಲದ್ದು. ನೆರೆಯ ಆಲ್ಬಾ ಲೊಂಗಾ ಜೊತೆ ಯುದ್ಧ ಬಂತು. ಸೈನ್ಯಕ್ಕೆ ಸೈನ್ಯವೇ ಸಾಯುವ ಬದಲು ಎರಡೂ ಕಡೆಯಿಂದ ಮೂವರು ಸೋದರರು ಹೊಡೆದಾಡಲಿ ಎಂದಾಯಿತು. ರೋಮ್ ಕಡೆಗೆ ಹೊರೇಷಿಯರು, ಆಲ್ಬಾ ಕಡೆಗೆ ಕ್ಯುರೇಷಿಯರು. ಹೊರೇಷಿಯರ ತಂಗಿಗೆ ಕ್ಯುರೇಷಿಯರಲ್ಲೊಬ್ಬನ ಜೊತೆ ಮದುವೆ ನಿಶ್ಚಯವಾಗಿತ್ತು. ಯಾರು ಗೆದ್ದರೂ ಅವಳ ಪಾಲಿಗೆ ಸಾವೇ.

ಉಳಿದು ಬಂದವನು ಒಬ್ಬ ಹೊರೇಷಿಯ ಮಾತ್ರ. ಊರಬಾಗಿಲಲ್ಲಿ ತಂಗಿ ಎದುರಾದಳು. ನಲ್ಲನಿಗೆಂದು ತಾನೇ ನೇಯ್ದ ಮೇಲುವಸ್ತ್ರ ಅಣ್ಣನ ಹೆಗಲ ಮೇಲೆ ಕಂಡಿತು. ತಲೆಗೂದಲು ಬಿಚ್ಚಿ, ಸತ್ತವನ ಹೆಸರು ಕೂಗಿ ಅತ್ತಳು. ಶತ್ರುವಿಗಾಗಿ ಅಳುವವಳಿಗೆ ಇದೇ ಗತಿ ಎಂದು ಅಣ್ಣ ಅವಳನ್ನು ಇರಿದು ಕೊಂದ.

ಪ್ರತಿಜ್ಞೆಯ ದೃಶ್ಯ ರೋಮನ್ ಇತಿಹಾಸಕಾರ ಲಿವಿಯಲ್ಲಿ ಇಲ್ಲ. ಅದು ದಾವೀದನ ಕಲ್ಪನೆ. ಆದರೆ ಕೊಲೆಯ ನಂತರ ನಡೆದದ್ದನ್ನು ಲಿವಿ ಬಿಡಿಸಿ ಹೇಳುತ್ತಾನೆ. ಮರಣದಂಡನೆಯ ತೀರ್ಪು ಬಂತು, ಹೊರೇಷಿಯ ಜನರ ಮುಂದೆ ಮೇಲ್ಮನವಿ ಹೋದ, ಉಳಿದ ಒಬ್ಬ ಮಗನನ್ನಾದರೂ ಬಿಡಿ ಎಂದು ತಂದೆ ಅಂಗಲಾಚಿದ. ಜನ ಬಿಟ್ಟರು. ಬಿಟ್ಟರೂ ಪಾಪ ಹೋಯಿತೆಂದು ಒಪ್ಪಲಿಲ್ಲ! ತಂದೆ ಶುದ್ಧಿಯ ಬಲಿಗಳನ್ನು ಕೊಟ್ಟು, ಬೀದಿಗೆ ಅಡ್ಡವಾಗಿ ತೊಲೆಯೊಂದನ್ನು ನಿಲ್ಲಿಸಿ, ಮಗನನ್ನು ತಲೆಗೆ ಮುಸುಕು ಹಾಕಿ ಅದರಡಿ ನಡೆಸಬೇಕಾಯಿತು. ‘ತಂಗಿಯ ತೊಲೆ’ ಎಂದೇ ಅದಕ್ಕೆ ಹೆಸರು. ಲಿವಿಯ ಕಾಲಕ್ಕೂ ಸರ್ಕಾರದ ಖರ್ಚಿನಲ್ಲೇ ಅದು ದುರಸ್ತಿಯಾಗುತ್ತಿತ್ತು.

ಕಾನೂನು ಕ್ಷಮಿಸಿದ್ದನ್ನು ಧರ್ಮ ಕ್ಷಮಿಸಲಿಲ್ಲ. ನಾಡಿಗಾಗಿ ಗೆದ್ದವನ ಕೈಗೂ ರಕ್ತ ಅಂಟುತ್ತದೆಂದು ಆ ಯುದ್ಧಪ್ರಿಯ ಜನರೇ ಒಪ್ಪಿಕೊಂಡಿದ್ದರು. ಈ ಚಿತ್ರವನ್ನು ದೇಶಭಕ್ತಿಯ ಪಾಠವೆಂದು ಮಕ್ಕಳಿಗೆ ತೋರಿಸುವವರು ಆ ತೊಲೆಯ ಕಥೆಯನ್ನೂ ತಪ್ಪದೆ ಹೇಳಬೇಕು.