ದಾಯಭಾಗವೂ ದಾಸೋಹವೂ

ತಂದೆತಾಯಿಗಳು ತಮ್ಮ ಕಾಯಕದಿಂದ ಗಳಿಸಿದ ಧನವನ್ನು ಮಕ್ಕಳಿಗಾಗಿ ಉಳಿಸಿ ಹೋಗುವುದು ಲೋಕದ ರೂಢಿ. ಆ ಮಕ್ಕಳಲ್ಲಿ ಒಬ್ಬನು ಹುಟ್ಟುಕುರುಡನೋ, ನಡೆಯಲಾರದವನೋ, ಬುದ್ಧಿಯ ಬೆಳವಣಿಗೆ ಕುಂಠಿತವಾದವನೋ ಆಗಿದ್ದರೆ ಅವನಿಗೆ ಸಲ್ಲತಕ್ಕುದೇನು? ಮಿಕ್ಕವರಂತೆ ಸಮಭಾಗವೆ, ಅಥವಾ ಅನ್ನವಸ್ತ್ರಗಳ ಆಸರೆ ಮಾತ್ರವೆ? ಈ ಪ್ರಶ್ನೆಯು ಹೊಸದಲ್ಲ. ಶರಣರ ಕಲ್ಯಾಣದಲ್ಲಿಯೇ ಇದಕ್ಕೆ ಒಂದು ಉತ್ತರವು ಗ್ರಂಥಸ್ಥವಾಗಿತ್ತು.

ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಕಲ್ಯಾಣ ಪಟ್ಟಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಕುರುಡ, ಹೆಳವ, ಹುಚ್ಚ, ಜಡ ಮೊದಲಾದವರಿಗೆ ಪಿತ್ರಾರ್ಜಿತದಲ್ಲಿ ಭಾಗವಿಲ್ಲವೆಂದೂ, ಆದರೆ ಅವರನ್ನು ಜೀವನಪರ್ಯಂತ ಪೋಷಿಸಲೇಬೇಕೆಂದೂ ಸ್ಮೃತಿಗಳ ಮತ. ಪೋಷಿಸದೆ ಕೈಬಿಟ್ಟವನು ಪತಿತನೆಂದು ಮನುವು ಹೇಳಿರುವನು. ಅಂಗವೈಕಲ್ಯವು ವಿಭಾಗಕ್ಕೆ ಮೊದಲೇ ಇದ್ದರೆ ಮಾತ್ರ ಭಾಗ ತಪ್ಪುವುದು, ಅಂತಹವರ ಮಕ್ಕಳು ನಿರ್ದುಷ್ಟರಾಗಿದ್ದರೆ ಭಾಗಕ್ಕೆ ಅರ್ಹರು ಎಂದು ವಿಜ್ಞಾನೇಶ್ವರನು ಈ ನಿಯಮವನ್ನು ಬಿಗಿಯಾಗಿ ವಿವರಿಸಿದನು. ಅಂತೂ ತಾತ್ಪರ್ಯವಿಷ್ಟೆ: ಅಶಕ್ತನಿಗೆ ಗ್ರಾಸವುಂಟು, ದಾಯವಿಲ್ಲ, ತುತ್ತುಂಟು, ತನ್ನದೆಂಬ ಹಿಡಿಮಣ್ಣಿಲ್ಲ.

ಈ ನಿಯಮವು ಬಹುಕಾಲ ಬಾಳಿತು. ಬ್ರಿಟಿಷ್ ಇಂಡಿಯಾದಲ್ಲಿ 1928ರಲ್ಲಿ ಆದ ಶಾಸನವು ಹುಟ್ಟಿನಿಂದ ಬುದ್ಧಿಹೀನರಾದವರನ್ನುಳಿದು ಮಿಕ್ಕ ಅಂಗವಿಕಲರಿಗೆ ಹಕ್ಕನ್ನು ಕೊಟ್ಟಿತು. ಕೊನೆಗೆ 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು, ರೋಗ, ನ್ಯೂನತೆ, ಅಂಗವೈಕಲ್ಯ ಇವುಗಳ ಕಾರಣದಿಂದ ಯಾರೂ ಸೊತ್ತಿನ ಹಕ್ಕನ್ನು ಕಳೆದುಕೊಳ್ಳುವುದಿಲ್ಲವೆಂದು 28ನೆಯ ಪ್ರಕರಣದಲ್ಲಿ ಸಾರಿತು. ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ಒಳಗೊಂಡಿರುವ ಶಾಸನವಿದು. ಅಂಗದ ಮೇಲೆ ಲಿಂಗವನ್ನು ಧರಿಸಿದವನಲ್ಲಿ ಕುಂದನ್ನೆಣಿಸಬಾರದೆಂಬ ಶರಣರ ಭಾವಕ್ಕೆ ಎಂಟುನೂರು ವರ್ಷಗಳ ತರುವಾಯ ಸೊತ್ತಿನ ವಿಷಯದಲ್ಲಿ ಶಾಸನದ ಮುದ್ರೆ ಬಿದ್ದಂತಾಯಿತು.

ಆದರೆ ಅದೇ ಪ್ರಶ್ನೆಯು ವೇಷವನ್ನು ಬದಲಿಸಿ ಸಾಗರದಾಚೆಯ ಅಮೆರಿಕದಲ್ಲಿ ನಿಂತಿದೆ. ಕನ್ನಡನಾಡಿನಿಂದ ಹೋಗಿ ನೆಲೆಸಿದ ಕುಟುಂಬಗಳು ಅಲ್ಲಿ ಇಂದು ಅನೇಕವಾಗಿರುವುದರಿಂದ ಇದು ನಮ್ಮ ಗೃಹಸ್ಥರಿಗೂ ತಟ್ಟುವ ವಿಷಯ. ಅಲ್ಲಿ 1974ರಿಂದ ಸಪ್ಲಿಮೆಂಟಲ್ ಸೆಕ್ಯುರಿಟಿ ಇನ್‌ಕಮ್ ಎಂಬ ಸಹಾಯಧನವು ಬಡವರಾದ ವೃದ್ಧರಿಗೂ ಅಂಧರಿಗೂ ಅಂಗವಿಕಲರಿಗೂ ಸಲ್ಲುತ್ತಿದೆ. 2025ರಲ್ಲಿ ಕೇಂದ್ರ ಸರ್ಕಾರವು ಒಬ್ಬನಿಗೆ ಕೊಟ್ಟ ಗರಿಷ್ಠ ಮೊತ್ತವು ತಿಂಗಳಿಗೆ 967 ಡಾಲರ್. ಬಹುತೇಕ ಸಂಸ್ಥಾನಗಳಲ್ಲಿ ಇದರ ಬೆನ್ನಿಗೆ ಮೆಡಿಕೇಡ್ ಎಂಬ ವೈದ್ಯಕೀಯ ನೆರವೂ ದೊರೆಯುವುದು; ಅನೇಕರಿಗೆ ಹಣಕ್ಕಿಂತ ಇದೇ ದೊಡ್ಡ ಆಧಾರ. ಆದರೆ ಇದನ್ನು ಪಡೆಯುವ ಒಂಟಿ ವ್ಯಕ್ತಿಯ ಬಳಿ ಲೆಕ್ಕಕ್ಕೆ ಬರುವ ಸೊತ್ತು 2,000 ಡಾಲರುಗಳನ್ನು ಮೀರಬಾರದು. ದಂಪತಿಗಳಲ್ಲಿ 3,000ವನ್ನು ಮೀರಬಾರದು. 1989ರಲ್ಲಿ ನಿಂತ ಈ ಅಂಕೆಯು, ಬೆಲೆಗಳೆಷ್ಟು ಏರಿದರೂ, ಅಲ್ಲಿಯೇ ನಿಂತಿದೆ. ದುಡಿದು ತೆರಿಗೆ ಸಲ್ಲಿಸಿದವನಿಗೆ ವಿಮೆಯ ರೂಪದಲ್ಲಿ ಬರುವ ಅಂಗವಿಕಲ ವೇತನವು ಬೇರೆ. ಅದಕ್ಕೆ ಸೊತ್ತಿನ ಮಿತಿಯಿಲ್ಲ.

ಹೀಗಿರಲು, ಈ ಸಹಾಯದಿಂದ ಬಾಳುವ ಒಬ್ಬ ಮಗನಿಗೆ, ಒಂದು ಮನೆಯನ್ನು ಕೊಳ್ಳಲೆಂದು ಅವನ ಅಜ್ಜಿಯು ಒಂದು ಲಕ್ಷ ಡಾಲರುಗಳನ್ನು ಉಯಿಲಿನಲ್ಲಿ ಬರೆದಿಟ್ಟಳೆಂದು ಭಾವಿಸೋಣ. ಆಕೆಯ ಉದ್ದೇಶವೇನೋ ಶುದ್ಧವಾದುದು. ಆದರೆ ಹಣವು ಕೈಸೇರಿದ ತಿಂಗಳಲ್ಲಿ ಅದು ಆದಾಯವೆಂದು ಎಣಿಸಲ್ಪಟ್ಟು ಆ ತಿಂಗಳ ಸಹಾಯವು ನಿಲ್ಲುವುದು. ಮುಂದಿನ ತಿಂಗಳ ಮೊದಲ ದಿನ ಇನ್ನೂ ಕೈಯಲ್ಲಿದ್ದರೆ ಅದು ಸೊತ್ತು. ಮಿತಿ ಮೀರಿರುವಷ್ಟು ಕಾಲ ಸಹಾಯವಿಲ್ಲ. ಹನ್ನೆರಡು ತಿಂಗಳು ಹೀಗೆ ಸಾಗಿದರೆ ಹೊಸದಾಗಿ ಅರ್ಜಿ ಹಾಕಿ ಮೊದಲಿನಿಂದ ತನ್ನ ಅಶಕ್ತತೆಯನ್ನು ರುಜುವಾತುಪಡಿಸಬೇಕು. ಆ ಅಜ್ಜಿಯು ನಮ್ಮೂರಿನಲ್ಲಿಯೇ ಇದ್ದು, ಇಲ್ಲಿಯ ಹೊಲ ಮಾರಿದ ಹಣವನ್ನು ಬಿಟ್ಟು ಹೋದರೂ ಲೆಕ್ಕವು ಇದೇ.

ವಿಚಿತ್ರವೆಂದರೆ, ಅದೇ ಹಣವು ಆತನು ವಾಸಿಸುವ ಮನೆಯಾಗಿ ಪರಿಣಮಿಸಿದರೆ ಅದು ಲೆಕ್ಕಕ್ಕೆ ಬರುವುದಿಲ್ಲ. ವಾಸದ ಮನೆಯ ಬೆಲೆ ಎಷ್ಟೇ ಇರಲಿ, ಶಾಸನವು ಅದನ್ನು ಎಣಿಕೆಯಿಂದ ಬಿಟ್ಟಿದೆ. ಹಣವಾಗಿದ್ದರೆ ದೋಷ, ಗೋಡೆಯಾಗಿದ್ದರೆ ನಿರ್ದೋಷ. ಆದರೆ ತಿಂಗಳೊಪ್ಪತ್ತಿನಲ್ಲಿ ಮನೆಯನ್ನು ಹುಡುಕಿ, ಪತ್ರ ಮಾಡಿಸಿಕೊಂಡು ಒಳಹೋಗುವುದು ಆರೋಗ್ಯವಂತನಿಗೂ ದುಸ್ಸಾಧ್ಯ. ಹಣವನ್ನು ತಮ್ಮನಿಗೆ ಸುಮ್ಮನೆ ಕೊಟ್ಟುಬಿಡುವೆನೆಂದರೆ, ಹಾಗೆ ಕೊಟ್ಟುದಕ್ಕಾಗಿಯೇ ಮೂವತ್ತಾರು ತಿಂಗಳವರೆಗೆ ಸಹಾಯವು ತಪ್ಪಬಹುದು. ಬಚ್ಚಿಡುವುದಂತೂ ಸಲ್ಲದು, ಬಂದುದನ್ನು ಮರುತಿಂಗಳ ಹತ್ತನೆಯ ತಾರೀಖಿನೊಳಗೆ ತಿಳಿಸಬೇಕೆಂಬುದು ನಿಯಮ. ಶರಣಮಾರ್ಗದಲ್ಲಿ ಸತ್ಯಶುದ್ಧವಲ್ಲದ ಕಾಯಕಕ್ಕೆ ಹೇಗೆ ಎಡೆಯಿಲ್ಲವೋ, ಸತ್ಯಶುದ್ಧವಲ್ಲದ ಬಡತನಕ್ಕೂ ಹಾಗೆಯೇ ಎಡೆಯಿಲ್ಲ.

ಈ ಭಯದಿಂದಲೇ ಅಲ್ಲಿಯ ಹಲವು ತಂದೆತಾಯಿಗಳು, ಎಲ್ಲರಿಗಿಂತ ಹೆಚ್ಚು ಆಸರೆ ಬೇಕಾದ ಮಗುವಿನ ಹೆಸರನ್ನೇ ಉಯಿಲಿನಿಂದ ಬಿಟ್ಟು, ಅವನ ಪಾಲನ್ನು ಅಣ್ಣನಿಗೋ ಅಕ್ಕನಿಗೋ ಬರೆಯುವರು. ಪ್ರೀತಿಯೇ ಇದಕ್ಕೆ ಕಾರಣ. ಫಲ ಮಾತ್ರ ಮಿತಾಕ್ಷರಾ ಹೇಳಿದುದೇ: ಅಶಕ್ತನಿಗೆ ಗ್ರಾಸವುಂಟು, ದಾಯವಿಲ್ಲ. ಅಣ್ಣನು ಸಜ್ಜನನೇ ಇರಬಹುದು. ಆದರೆ ಅವನಿಗೆ ಸಾಲವಾದರೆ, ಅವನ ಮನೆ ಒಡೆದರೆ, ಅವನೇ ಮೊದಲು ಲಿಂಗೈಕ್ಯನಾದರೆ, ತಮ್ಮನ ಪಾಲನ್ನು ಕೇಳುವವರಾರು?

ಇಲ್ಲಿ ಶರಣತತ್ತ್ವವನ್ನು ಬಲ್ಲ ಸದ್ಭಕ್ತನೊಬ್ಬನು ಆಕ್ಷೇಪಿಸಬಹುದು: ನಾಳೆಗೆ ಕೂಡಿಡಬಾರದೆಂದು ಶರಣರು ಬೋಧಿಸಲಿಲ್ಲವೆ? ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಮಾರಯ್ಯನನ್ನು ಲಕ್ಕಮ್ಮನು ತಡೆದು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಕಳುಹಿಸಲಿಲ್ಲವೆ? ಹಾಗಾದರೆ ಎರಡು ಸಾವಿರದ ಮಿತಿಯು ಶರಣಧರ್ಮಕ್ಕೆ ಒಪ್ಪುವಂತಹುದೇ ಅಲ್ಲವೆ? ಆಕ್ಷೇಪವು ಮೇಲ್ನೋಟಕ್ಕೆ ಸಮಂಜಸವಾಗಿ ತೋರುವುದು. ಆದರೆ ಮಾರಯ್ಯನಿಗೆ ನಾಳೆಯೂ ಅಂಗಳವಿತ್ತು, ಬಗ್ಗಿ ಆಯುವ ಬೆನ್ನಿತ್ತು, ಕಾಣುವ ಕಣ್ಣಿತ್ತು. ಕೂಡಿಡದಿರುವುದು ಅವನು ತಾನೇ ಕೈಕೊಂಡ ವ್ರತ. ನಾಳೆ ದುಡಿಯಲಾರದವನ ಮೇಲೆ ಇನ್ನೊಬ್ಬರು ಹೊರಿಸಿದ ಬರಿಗೈತನವು ವ್ರತವಲ್ಲ, ಅದು ಕಟ್ಟು. ವ್ರತವನ್ನು ಹಿಡಿದವನು ಬಿಡಲೂ ಸ್ವತಂತ್ರನು. ಕಟ್ಟಿನಲ್ಲಿರುವವನಿಗೆ ಆ ಸ್ವಾತಂತ್ರ್ಯವಿಲ್ಲ.

ಇನ್ನೊಂದು ಆಕ್ಷೇಪವೂ ಉಂಟು. ಸರ್ಕಾರದ ಬೊಕ್ಕಸವು ಅನ್ಯರ ಕಾಯಕದ ಫಲ. ಲಕ್ಷವುಳ್ಳವನು ಅದರಿಂದ ಏಕೆ ಉಣ್ಣಬೇಕು? ಈ ಮಾತಿನಲ್ಲಿ ನ್ಯಾಯವಿದೆ. ಉಳ್ಳವನು ಇಲ್ಲದವನ ಎಡೆಯನ್ನು ಕಸಿಯಬಾರದು. ಆದರೆ ಮನೆಯು ಅನ್ನವನ್ನು ಬೇಯಿಸದು, ಹಾಸಿಗೆಯಿಂದ ಎತ್ತಿ ಕೂರಿಸದು, ಔಷಧವನ್ನು ತಾರದು. ಒಂದು ಲಕ್ಷವು ದೊಡ್ಡ ಮೊತ್ತವೆಂದು ತೋರಿದರೂ, ಮತ್ತೊಬ್ಬರ ಕೈ ಹಿಡಿದು ನಲವತ್ತು ವರ್ಷ ಬಾಳಬೇಕಾದವನಿಗೆ ಅದು ಕೆಲವೇ ವರ್ಷಗಳ ದಾರಿಬುತ್ತಿ. ಅದನ್ನೆಲ್ಲ ಕರಗಿಸಿ ಬರಿಗೈಯಾದ ಮೇಲೆ ಬಾ ಎನ್ನುವುದು ಭಿಕ್ಷೆಯ ರೀತಿ. ದಾಸೋಹವು ಬಂದವನನ್ನು ದೀನನನ್ನಾಗಿ ಮಾಡದೆ ಉಣಬಡಿಸುವುದು. ಉಂಡವನು ತನ್ನ ಮನೆಗೆ ಮರಳಲೆಂದು ಹಾರೈಸುವುದು. ವಾಸದ ಮನೆಯನ್ನು ಎಣಿಕೆಯಿಂದ ಬಿಟ್ಟ ಶಾಸನವು ಈ ನ್ಯಾಯವನ್ನು ಅರ್ಧ ಮಟ್ಟಿಗೆ ಒಪ್ಪಿದಂತೆಯೇ ಸರಿ.

ಉಳಿದರ್ಧಕ್ಕೂ ದಾರಿಗಳು ಮೆಲ್ಲಮೆಲ್ಲನೆ ತೆರೆದಿವೆ. ಹಿರಿಯರು ಹಣವನ್ನು ಅವನ ಕೈಗೆ ಕೊಡದೆ, ಅವನ ವಿಶೇಷ ಅಗತ್ಯಗಳಿಗೆಂದು ಒಂದು ಟ್ರಸ್ಟಿನ ವಶಕ್ಕೆ ಉಯಿಲಿನಲ್ಲಿಯೇ ಬಿಟ್ಟರೆ, ವಿಧಿವತ್ತಾಗಿ ರಚಿತವಾದ ಆ ನಿಧಿಯು ಅವನ ಸೊತ್ತೆಂದು ಎಣಿಸಲ್ಪಡುವುದಿಲ್ಲ. ಆ ನಿಧಿಯಿಂದ ಮನೆಯನ್ನೂ ಕೊಳ್ಳಬಹುದು. ಹಣವು ಆಗಲೇ ಅವನ ಕೈಸೇರಿದ್ದರೆ, ಅರುವತ್ತೈದು ವರ್ಷದೊಳಗಿನವರಿಗೆ 1993ರ ಶಾಸನದಂತೆ ಬೇರೊಂದು ಬಗೆಯ ಟ್ರಸ್ಟುಂಟು. ಆದರೆ ಅವನ ಮರಣಾನಂತರ ಉಳಿದುದರಲ್ಲಿ ಮೆಡಿಕೇಡಿನ ವೆಚ್ಚವನ್ನು ಸಂಸ್ಥಾನಕ್ಕೆ ತೀರಿಸಬೇಕು. ಈ ಟ್ರಸ್ಟನ್ನು ತಂದೆತಾಯಿಗಳು, ಅಜ್ಜಅಜ್ಜಿಯರು, ಪಾಲಕರು ಇಲ್ಲವೆ ನ್ಯಾಯಾಲಯವೇ ಸ್ಥಾಪಿಸಬೇಕಿತ್ತು. ಬುದ್ಧಿ ಸ್ವಸ್ಥವಾಗಿರುವ ಅಂಗವಿಕಲನು ತಾನೇ ಸ್ಥಾಪಿಸಬಹುದೆಂಬ ಹಕ್ಕು ದೊರೆತುದು 2016ರಲ್ಲಿ. 2014ರ ಏಬಲ್ ಶಾಸನದ ಖಾತೆಯಲ್ಲಿ, ವರ್ಷಕ್ಕೆ ಇಂತಿಷ್ಟೆಂಬ ಮಿತಿಗೊಳಪಟ್ಟು, ಒಂದು ಲಕ್ಷ ಡಾಲರುಗಳವರೆಗೆ ಸಹಾಯಕ್ಕೆ ಬಾಧೆಯಿಲ್ಲದೆ ಕೂಡಿಡಬಹುದು. ಇಪ್ಪತ್ತಾರು ವರ್ಷದೊಳಗೆ ಅಂಗವಿಕಲರಾದವರಿಗೆ ಮಾತ್ರ ಇದ್ದ ಈ ಸೌಲಭ್ಯವು 2026ರ ಜನವರಿಯಿಂದ ನಲವತ್ತಾರು ವರ್ಷದೊಳಗೆ ಹಾಗಾದವರಿಗೂ ವಿಸ್ತರಿಸಿದೆ.

ಆದುದರಿಂದ ಗೃಹಸ್ಥನ ಕರ್ತವ್ಯವು ಸ್ಪಷ್ಟವಾಗಿದೆ. ಅಶಕ್ತವಾದ ಮಗುವಿನ ಹೆಸರನ್ನು ಅದರ ಹಿತಕ್ಕಾಗಿಯೇ ಎಂದು ಅಳಿಸುವುದು ಸುಲಭ. ಹೆಸರನ್ನೂ ಉಳಿಸಿ ಹಿತವನ್ನೂ ಕಾಯುವುದು ಪ್ರಯಾಸದ ಕೆಲಸ. ಆ ಪ್ರಯಾಸವನ್ನು ತಾನು ಬದುಕಿರುವಾಗಲೇ, ಬಲ್ಲವರನ್ನು ಕೇಳಿ, ಮುಚ್ಚುಮರೆಯಿಲ್ಲದೆ ಕೈಕೊಳ್ಳಬೇಕು. ಕೊಡುವ ಕೈ ಪ್ರೀತಿಯಿಂದ ಕೊಟ್ಟರೆ ಸಾಲದು. ಕೊಟ್ಟುದು ಪಡೆದವನಿಗೆ ಕೇಡಾಗದಂತೆ ಅರಿತು ಕೊಡಬೇಕು. ಅರಿವಿಲ್ಲದ ದಾನವು ಭಾರವಾದೀತು. ಅರಿವಿನೊಡಗೂಡಿದ ದಾಯವು ತಾನೇ ದಾಸೋಹವಾಗುವುದು.