ಚಕ್ರದ ಹಿಂದಿನ ಕಲ್ಲು

ಬೆಳಗಿನ ಹೊತ್ತು ಈಗ ಬೀದಿಯಲ್ಲಿ ಯಾರ ಮನೆಯ ಕಾರು ಹೊರಟರೂ ಗೊತ್ತಾಗುವುದಿಲ್ಲ. ಗುಂಡಿ ಒತ್ತಿದರೆ ಸಾಕು, ಗಾಡಿ ಗೇಟು ದಾಟಿರುತ್ತದೆ. ಬ್ಯಾಟರಿ ಕಾರಾದರೆ ಆ ಸಣ್ಣ ಗುರುಗುಟ್ಟುವಿಕೆಯೂ ಇಲ್ಲ. ನಾನು ಮಗುವಾಗಿದ್ದ ಕಾಲದ ಮಲೆನಾಡಿನ ಬೆಳಗು ಹೀಗಿರಲಿಲ್ಲ. ಕೇರಿಗೆ ಒಂದೋ ಎರಡೋ ಕಾರು. ಅದು ಎದ್ದರೆ ಕೇರಿಯೇ ಎದ್ದಂತೆ. ಚಳಿಗೆ ಪೆಟ್ರೋಲು ಸರಿಯಾಗಿ ಆವಿಯಾಗುವುದಿಲ್ಲವಾದ್ದರಿಂದ ಮೊದಲು ಚೋಕ್ ಎಳೆಯಬೇಕು. ಎಂಜಿನ್ನಿಗೆ ಹೋಗುವ ಮಿಶ್ರಣದಲ್ಲಿ ಆಗ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಎಳೆದದ್ದು ಜಾಸ್ತಿಯಾಯಿತೋ, ಪ್ಲಗ್ಗೆಲ್ಲ ಒದ್ದೆ. ಒದ್ದೆಯಾದರೆ ಕಾಯಬೇಕು. ಕಾದೂ ಆಗದಿದ್ದರೆ ಮುಂದುಗಡೆಯಿಂದ ಹ್ಯಾಂಡಲ್ ತೂರಿಸಿ ತಿರುಗಿಸಬೇಕು. ಅದಕ್ಕೂ ಜಗ್ಗದಿದ್ದರೆ ಕೊನೆಯದಾಗಿ ತಳ್ಳುವುದು. ಹಾಲು ಕರೆಯಲು ಹೊರಟವರು, ಹಲ್ಲುಜ್ಜುತ್ತಿದ್ದವರು, ಎಲ್ಲರೂ ಬಂದು ಕೈ ಹಚ್ಚುತ್ತಿದ್ದರು. ಕರೆಯುವ ಅಗತ್ಯವೇ ಇರಲಿಲ್ಲ.

ನಮಗೆ ನೆನಪಿರುವ ಮೊದಲ ಸಂಗತಿಗಳು ಸಾಮಾನ್ಯವಾಗಿ ಮೂರು, ಮೂರೂವರೆ ವರ್ಷದ ಆಸುಪಾಸಿನವು ಎಂದು ಮನಶ್ಶಾಸ್ತ್ರ ಓದಿದವರು ಹೇಳುತ್ತಾರೆ. ಅದಕ್ಕಿಂತ ಹಿಂದಿನದು ಹೆಚ್ಚುಕಡಿಮೆ ಎಲ್ಲರಿಗೂ ಮರೆತೇ ಹೋಗಿರುತ್ತದೆ. ಮಾತು ಬಂದಮೇಲೆ, ಅದರಲ್ಲೂ ಮನೆಯವರು ಮತ್ತೆ ಮತ್ತೆ ಹೇಳಿಕೊಂಡದ್ದು ಹೆಚ್ಚು ಉಳಿಯುತ್ತದಂತೆ. ಇರಬಹುದು. ಅಜ್ಜನ ಅಂಬಾಸಿಡರಿನ ಬಗ್ಗೆ ನನ್ನ ತಲೆಯಲ್ಲಿರುವುದರಲ್ಲಿ ನನ್ನದೆಷ್ಟು, ಅಕ್ಕ ಹೇಳಿದ್ದೆಷ್ಟು ಎಂದು ಬಿಡಿಸಲು ಹೋದರೆ ಕೈಗೆ ಸಿಗುವುದಿಲ್ಲ. ಕಾರು ತಿಳಿ ನೀಲಿ ಎನ್ನುತ್ತಾಳೆ ಅವಳು. ನನಗೆ ಕಾಣುವುದು ಕೆನೆಬಣ್ಣದ್ದು. ಉಳಿದಿರುವ ಒಂದೇ ಫೋಟೋ ಕಪ್ಪು ಬಿಳುಪು. ಅದರಲ್ಲೂ ಕಾರಿನ ಮುಂದೆ ಮನೆಮಂದಿಯೆಲ್ಲ ಒತ್ತಾಗಿ ನಿಂತಿರುವುದರಿಂದ ಕಾಣುವುದು ಒಂದು ದೀಪ, ಅರ್ಧ ಬಾನೆಟ್ಟು ಅಷ್ಟೆ. ಈ ಜಗಳ ಪ್ರತಿ ಹಬ್ಬಕ್ಕೂ ಒಮ್ಮೆ ನಡೆಯುತ್ತದೆ. ನಡೆಯಲಿ ಬಿಡಿ.

ಖಂಡಿತ ನನ್ನದೇ ಎನ್ನಬಹುದಾದದ್ದು ಒಂದಿದೆ. ಅದನ್ನು ಬೇರೆ ಯಾರೂ ನೋಡಿರಲಾರರು, ಏಕೆಂದರೆ ದೊಡ್ಡವರು ಯಾರೂ ಕಾರಿನ ನೆಲದ ಮೇಲೆ ಕೂರುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಅಜ್ಜಿ, ಅಮ್ಮ, ಚಿಕ್ಕಮ್ಮ ಕೂತರೆ ಮಕ್ಕಳಿಗೆ ತೊಡೆ, ಇಲ್ಲವೇ ಕಾಲಬುಡ. ಕಾಲಬುಡದಲ್ಲಿ ಕಪ್ಪು ರಬ್ಬರ್ ಮ್ಯಾಟ್ ಹಾಸಿತ್ತು. ಅದರ ಮೂಲೆ ಎತ್ತಿದರೆ ತಗಡಿನಲ್ಲಿ ಒಂದು ತೂತು. ಮಲೆನಾಡಿನ ಮಳೆಗೆ ತುಕ್ಕು ಹಿಡಿದು, ಅಂಚೆಲ್ಲ ಹಪ್ಪಳದ ಹಾಗೆ ಪುಡಿಪುಡಿಯಾಗಿ, ಮುಷ್ಟಿಯಷ್ಟು ಅಗಲವಾಗಿತ್ತು. ಆ ತೂತಿನಲ್ಲಿ ರಸ್ತೆ ಓಡುತ್ತಿತ್ತು. ಮೊದಲು ಕೆಂಪು ಜಲ್ಲಿ, ಆಮೇಲೆ ಡಾಂಬರು, ಸೇತುವೆ ಬಂದಾಗ ಸದ್ದು ಬದಲಾಗುವುದು, ಮಳೆಗಾಲದಲ್ಲಿ ಕೆಸರು ಚಿಮ್ಮಿ ಕೆನ್ನೆಗೆ ತಾಗುವುದು. ಜಗತ್ತಿನಲ್ಲಿ ನಾನು ನೋಡಿದ ಮೊದಲ ರಸ್ತೆ ಅದು. ಗಾಡಿ ನಿಂತಾಗ ತೂತಿನ ಕೆಳಗೆ ಒಂದು ಕಲ್ಲೋ, ಬೀಡಿ ತುಂಡೋ, ಇರುವೆಯೋ ಕಾಣುತ್ತಿತ್ತು. ಹೊರಟರೆ ಎಲ್ಲ ಗೆರೆಯಾಗಿ ಕರಗಿಹೋಗುತ್ತಿತ್ತು. ಒಮ್ಮೆ ಚಿಕ್ಕಮ್ಮನ ಬಳೆ ಅದರಲ್ಲಿ ಹೋಯಿತು. ಅಂದಿನಿಂದ ಮ್ಯಾಟಿನ ಮೇಲೆ ಅವಲಕ್ಕಿಯ ಡಬ್ಬ ಇಡುವುದು ಶುರುವಾಯಿತು.

ಆ ಕಾರು ತಯಾರಾಗುತ್ತಿದ್ದದ್ದು ಬಂಗಾಳದ ಉತ್ತರಪಾರದಲ್ಲಿ, ಹಿಂದೂಸ್ತಾನ್ ಮೋಟರ್ಸ್ ಕಾರ್ಖಾನೆಯಲ್ಲಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಸರಣಿಯ ಅಚ್ಚು ಅದು. ಮುಂದಿನ ಜಾಲರಿ ಅಷ್ಟಿಷ್ಟು ಬದಲಾಗುತ್ತ, ಮೈಕಟ್ಟು ಮಾತ್ರ ಹಾಗೇ ಉಳಿದು, ಐವತ್ತರ ದಶಕದ ಕೊನೆಯಿಂದ 2014ರವರೆಗೆ ಬಂದೇ ಬಂತು. ಅಜ್ಜ ಓಡಿಸಿದ ಆಕಾರದ ಕಾರನ್ನೇ ಮೊಮ್ಮಗನೂ ಹೊಸದಾಗಿ ಕೊಳ್ಳಬಹುದಾಗಿದ್ದ ದೇಶ ನಮ್ಮದು. ಇದನ್ನು ಹೆಮ್ಮೆಯೆಂದು ಹೇಳುವವರಿದ್ದಾರೆ. ನನಗೆ ಅಷ್ಟೇನೂ ಅನಿಸುವುದಿಲ್ಲ. ಬಹುಕಾಲ ಬೇರೆ ಕಾರು ಹೆಚ್ಚೇನೂ ಸಿಗುತ್ತಿರಲಿಲ್ಲ, ಅಷ್ಟೆ. ಆದರೆ ಅದು ಊರಿನ ಯಾವ ಕಮ್ಮಾರಸಾಲೆಗೂ ಬಗ್ಗುತ್ತಿತ್ತು ಎನ್ನುವುದೂ ನಿಜ.

ಒಳಗೆ ಕೂರುವುದರಲ್ಲೂ ಒಂದು ಶಿಸ್ತಿತ್ತು. ಮುಂದೆ ಉದ್ದನೆಯ ಒಂದೇ ಸೀಟು. ಗೇರಿನ ಕಡ್ಡಿ ಸ್ಟೀರಿಂಗಿನ ಬುಡದಲ್ಲೇ ಇದ್ದುದರಿಂದ ನಡುವೆ ಇನ್ನೊಬ್ಬರು ಆರಾಮಾಗಿ ಕೂರಬಹುದು. ಆ ಸೀಟು ಗಂಡಸರದು. ಹಿಂದಿನದು ಹೆಂಗಸರದು, ಮಕ್ಕಳದು, ಪಾತ್ರೆಗಳದು. ಅಮ್ಮ ಒಂದು ದಿನವೂ ಮುಂದೆ ಕೂತದ್ದನ್ನು ನಾನು ನೋಡಲಿಲ್ಲ. ಕಾರಿನ ನೆನಪನ್ನು ಕೇಳಿದರೆ ಅಪ್ಪ ಎಂಜಿನ್ ಬಗ್ಗೆ ಹೇಳುತ್ತಿದ್ದರು. ಅಮ್ಮ ಹೇಳುವುದು ಯಾರು ಯಾವ ತಿರುವಿನಲ್ಲಿ ವಾಂತಿ ಮಾಡಿಕೊಂಡರು ಎಂದು. ನಿಂಬೆಹಣ್ಣು ಮೂಸಿಸುವುದು, ಒದ್ದೆ ಟವೆಲ್, ಬದಲಿ ಚಡ್ಡಿ ಇವೆಲ್ಲ ಅವಳ ಖಾತೆ. ಒಂದೇ ಗಾಡಿಯಲ್ಲಿ ಇಬ್ಬರೂ ಬೇರೆ ಬೇರೆ ಪ್ರಯಾಣ ಮಾಡಿದ್ದಾರೆ.

ಉಡುಪಿಗೆ ಹೋಗಬೇಕೆಂದರೆ ಆಗುಂಬೆ ಘಾಟಿ. ಹದಿನಾಲ್ಕು ಹೇರ್‌ಪಿನ್ ತಿರುವು. ಇಳಿಯುವಾಗ ಬ್ರೇಕಿನ ಚಿಂತೆ, ಹತ್ತುವಾಗ ನೀರಿನ ಚಿಂತೆ. ಸೋಮೇಶ್ವರದಿಂದ ಮೇಲೆ ಬರುವಾಗ ಮೊದಲನೇ ಗೇರಿನಲ್ಲಿ ಎಂಜಿನ್ ಕೂಗಿಕೊಳ್ಳುತ್ತದೆ, ಆದರೆ ಗಾಡಿ ನಿಧಾನವಾದ್ದರಿಂದ ರೇಡಿಯೇಟರಿಗೆ ತಾಗುವ ಗಾಳಿ ಕಡಿಮೆ. ಒಳಗಿನ ನೀರು ಕುದಿಯಲು ಶುರು. ಬಾನೆಟ್ಟಿನ ಸಂದಿಯಲ್ಲಿ ಹೊಗೆಯಂಥದ್ದು ಕಂಡ ಕೂಡಲೇ ಅಜ್ಜ, ‘ಕಲ್ಲು!’ ಎನ್ನುತ್ತಿದ್ದರು.

ಕಲ್ಲು ನನ್ನ ಕೆಲಸ. ಹ್ಯಾಂಡ್‌ಬ್ರೇಕನ್ನು ನಂಬುವ ಹಾಗಿರಲಿಲ್ಲ. ಅಜ್ಜ ಕಾಲಲ್ಲಿ ಬ್ರೇಕ್ ಒತ್ತಿ ಹಿಡಿದಿರುವಷ್ಟರಲ್ಲಿ ನಾನು ಕೆಳಗೆ ಹಾರಿ, ಡಿಕ್ಕಿಯಲ್ಲಿದ್ದ ಅಡ್ಡಗಲ್ಲನ್ನು ಎರಡೂ ಕೈಯಲ್ಲಿ ಎತ್ತಿ, ಹಿಂದಿನ ಚಕ್ರಕ್ಕೆ ಆನಿಸಿ ‘ಹಾಂ’ ಎನ್ನಬೇಕು. ಅದು ದಾರಿಯಲ್ಲಿ ಹೆಕ್ಕಿದ ಕಲ್ಲಲ್ಲ, ಮನೆಯಿಂದಲೇ ತಂದದ್ದು. ಒಂದು ಮೈ ಚಪ್ಪಟೆ, ಇನ್ನೊಂದು ಮೈ ಟೈರಿಗೆ ಒಗ್ಗುವಂತೆ ಓರೆ. ನಾನು ‘ಹಾಂ’ ಎಂದಮೇಲೆ ಅಜ್ಜ ಬ್ರೇಕ್ ಬಿಡುತ್ತಿದ್ದರು. ಗಾಡಿ ಒಂದು ಅಂಗುಲ ಹಿಂದೆ ಸರಿದು, ಕಲ್ಲಿನ ಮೇಲೆ ಭಾರ ಹಾಕಿ, ನಿಲ್ಲುತ್ತಿತ್ತು. ಆ ಒಂದು ಅಂಗುಲದಲ್ಲಿ ನನ್ನ ಎದೆ ಬಾಯಿಗೆ ಬರುತ್ತಿತ್ತು. ಒಳಗೆ ಅಜ್ಜಿ, ಅಮ್ಮ ಎಲ್ಲರೂ ಕೂತೇ ಇದ್ದಾರೆ, ಹಿಂದೆ ತಿರುವು, ಅದರಾಚೆ ಬರೀ ಕಾಡಿನ ತಲೆ. ಅಷ್ಟು ದೊಡ್ಡ ಸಂಸಾರ ನಾನು ಇಟ್ಟ ಕಲ್ಲಿನ ಮೇಲೆ ನಿಂತಿದೆ ಎಂದು ಆ ವಯಸ್ಸಿನಲ್ಲಿ ಗೊತ್ತಾಗುತ್ತಿತ್ತೋ ಇಲ್ಲವೋ. ಗೊತ್ತಾಗುತ್ತಿತ್ತು ಎಂದೇ ಈಗ ಅನಿಸುತ್ತದೆ.

ಆಮೇಲಿನದು ಕಾಯುವ ಕೆಲಸ. ಬಿಸಿಯಲ್ಲಿ ರೇಡಿಯೇಟರಿನ ಮುಚ್ಚಳ ತೆಗೆದರೆ ಕುದಿನೀರು ಮುಖಕ್ಕೇ ಹಾರುತ್ತದೆ. ಹಾಗಾಗಿ ಯಾರೂ ಮುಟ್ಟುವಂತಿಲ್ಲ. ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದರು. ಎಂಜಿನ್ನಿನ ಕಾವಿಗೆ ಪೆಟ್ರೋಲು ನಳಿಗೆಯಲ್ಲೇ ಆವಿಯಾಗಿಬಿಟ್ಟರೆ ಮುಂದಕ್ಕೆ ಹರಿಯುವುದಿಲ್ಲ. ಅಕ್ಕ ಕೊಡ ಹಿಡಿದು ಬಂಡೆಯ ಮೇಲಿಂದ ಇಳಿಯುವ ನೀರಿಗೆ ಹೋಗುವಳು. ಅವಲಕ್ಕಿ ಡಬ್ಬ ತೆರೆಯುವುದು ಆಗಲೇ. ಮುಸುವಗಳು ಬಂದು ಗೋಡೆಯ ಮೇಲೆ ಕೂರುತ್ತಿದ್ದವು. ಮನೆಯಲ್ಲಿ ಮಾತೇ ಆಡದ ಅಜ್ಜ ಅಲ್ಲಿ ಮಾತ್ರ, ಬಾನೆಟ್ಟಿಗೆ ಒರಗಿ, ತಮ್ಮ ಚಿಕ್ಕಂದಿನ ಕಥೆ ಹೇಳುತ್ತಿದ್ದರು. ಗಾಡಿ ಕುದಿಯದಿದ್ದರೆ ಆ ಕಥೆಗಳು ನಮಗೆ ಸಿಗುತ್ತಲೇ ಇರಲಿಲ್ಲ.

ಅಪ್ಪ ಕೊಂಡ ಫಿಯೆಟ್ ಬಗ್ಗೆ ಇಷ್ಟು ಹೇಳುವುದಕ್ಕಿಲ್ಲ. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ತಯಾರಿಸುತ್ತಿದ್ದ ಆ ಕಾರಿಗೆ ಎಪ್ಪತ್ತರ ದಶಕದಲ್ಲೇ ಪದ್ಮಿನಿ ಎಂದು ಹೆಸರಿಟ್ಟಿದ್ದರೂ ನಮ್ಮ ಕಡೆ ಯಾರೂ ಹಾಗೆ ಕರೆಯಲಿಲ್ಲ. ಪುಟ್ಟದು, ಚುರುಕು, ನೆಲದಲ್ಲಿ ತೂತಿಲ್ಲ. ನೆನಪಿರುವುದು ಆಯುಧಪೂಜೆ. ಬಾಗಿಲಿಗೆ ಕಟ್ಟಿದ ಬಾಳೆಕಂದು, ವೈಪರಿಗೆ ಸಿಕ್ಕಿಸಿದ ಸೇವಂತಿಗೆ, ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು. ಯಾವ ಹಣ್ಣು ಮೊದಲು ಪಚಕ್ ಎನ್ನುತ್ತದೆ ಎಂದು ನೋಡಲು ನಾವು ಕುಕ್ಕರಗಾಲಲ್ಲಿ ಕೂತಿರುತ್ತಿದ್ದೆವು.

1983ರ ಡಿಸೆಂಬರಿನಲ್ಲಿ ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿಕೈ ಕೊಟ್ಟದ್ದು ಎಲ್ಲರಿಗೂ ಗೊತ್ತಿರುವ ವಿಷಯ. ಅದು ನಮ್ಮ ಕೇರಿಗೆ ಬರಲು ಇನ್ನೂ ಕೆಲವು ವರ್ಷ ಹಿಡಿಯಿತು. ಬಂದ ಮೇಲೆ ತಳ್ಳುವವರಿಗೆ ಕೆಲಸ ತಪ್ಪಿತು. ಮೊದಲ ಸಲಕ್ಕೇ ಎಂಜಿನ್ ಹಿಡಿಯುವುದನ್ನು ಕಂಡು ಪಕ್ಕದ ಮನೆಯವರು, ಕೈಯಲ್ಲಿ ಬ್ರಷ್ ಹಿಡಿದೇ ನಿಂತವರು, ‘ಹೋಯ್ತಾ?’ ಎಂದರಂತೆ. ಅದರಲ್ಲಿ ನಾವು ಆಗುಂಬೆ ಎಷ್ಟೋ ಸಲ ಹತ್ತಿದ್ದೇವೆ. ಒಂದೂ ಸಲ ನೆನಪಿಲ್ಲ. ಅದು ಒಳ್ಳೆಯ ಗಾಡಿ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಅಮ್ಮನಂತೂ ಹಳೆಯದನ್ನು ಯಾರಾದರೂ ಹೊಗಳಿದರೆ ಇಂದಿಗೂ ಸಿಡುಕುತ್ತಾಳೆ.

ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದವರು ಹಳೆಯ ಕಾರುಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಸಾಲಾಗಿ ನಿಲ್ಲಿಸಿದ ಆ ಹೊಳೆಯುವ ಮೈಗಳ ನಡುವೆ ನಡೆದಾಗ ಎಲ್ಲ ಚೆಂದವೇ ಕಂಡಿತು. ಆದರೆ ನನಗೆ ಗೊತ್ತಿದ್ದ ಕಾರಿಗೆ ಹೊರಮೈ ಎನ್ನುವುದೇ ಇರಲಿಲ್ಲವಲ್ಲ. ಇದ್ದದ್ದು ಬಿಸಿಲಿಗೆ ಕಾದ ರೆಕ್ಸಿನ್ ತೊಡೆಗೆ ಅಂಟುವುದು, ಅಡಿಕೆ ಚೀಲ, ಪೆಟ್ರೋಲು, ಅಜ್ಜಿಯ ಸೆರಗಿನ ಕರ್ಪೂರ ಸೇರಿದ ಒಂದು ವಾಸನೆ. ಉಜ್ಜಿ ಹೊಳಪು ಕೊಡಲು ಬರುವ ವಸ್ತು ಅದಲ್ಲ.

ಅಕ್ಕನ ಮೊಮ್ಮಗಳಿಗೆ ಈಗ ನಾಲ್ಕು ವರ್ಷ. ಅವಳ ಕಾರಿನಲ್ಲಿ ಅವಳಿಗೇ ಪ್ರತ್ಯೇಕ ಸೀಟು, ಎದೆಗೆ ಪಟ್ಟಿ. ಹಾಗಿರುವುದೇ ಸರಿ. ಅವಳಮ್ಮ ಓಡಿಸುತ್ತಾಳೆ, ಅದೂ ಸರಿ. ಎತ್ತಲು ಕಲ್ಲಿಲ್ಲ, ಇಣುಕಲು ತೂತಿಲ್ಲ, ಈ ಮಗುವಿಗೆ ಇದರಲ್ಲಿ ನೆನಪಿಟ್ಟುಕೊಳ್ಳಲು ಏನು ಸಿಗುತ್ತದೋ ಎಂದು ಮೊನ್ನೆ ಅವಳ ಪಕ್ಕ ಕೂತು ಯೋಚಿಸುತ್ತಿದ್ದೆ. ಮುಂದೆ ಫೋನಿನೊಳಗಿನ ಹೆಣ್ಣುದನಿ ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಎಂದು ದಾರಿ ಹೇಳುತ್ತಿತ್ತು. ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಮಗು ನನ್ನ ಕಡೆ ಬಗ್ಗಿ, ಮುಂದಿನವರಿಗೆ ಕೇಳಿಸದ ಹಾಗೆ ವಿಚಾರಿಸಿತು: ‘ಆ ಆಂಟಿ ಊಟ ಮಾಡೋದು ಯಾವಾಗ?’