ಕಡಿಮೆ ಸಂಬಳದ ಆಫರ್ ಬಂದಾಗ

ಈ ದಿನಕ್ಕೆ ಬೇರೊಂದು ವಾಕ್ಯಭಾಗ ಸಿದ್ಧ ಮಾಡಿಕೊಂಡಿದ್ದೆ. ಆದರೆ ಹೋದ ಭಾನುವಾರ ಆರಾಧನೆ ಮುಗಿದ ಮೇಲೆ ನಡೆದ ಒಂದು ಮಾತು ವಾರವಿಡೀ ನನ್ನನ್ನು ಬಿಡಲಿಲ್ಲ. ಅದನ್ನೇ ಹೇಳ್ತೀನಿ.

ನಾನು ಸ್ಪೀಕರ್ ವೈರ್ ಸುತ್ತುತ್ತಾ ಇದ್ದೆ. ನಮ್ಮ ಯೌವನಸ್ಥರಲ್ಲಿ ಒಬ್ಬ ತಮ್ಮ ಹತ್ತಿರ ಬಂದ. ಅವನನ್ನು ಕೇಳಿಯೇ ಇದನ್ನು ಹೇಳ್ತಿದ್ದೀನಿ, ಹೆಸರು ಮಾತ್ರ ಹೇಳಲ್ಲ. ಏಳು ತಿಂಗಳಿಂದ ಅವನಿಗೆ ಕೆಲಸ ಇಲ್ಲ. ಮೊದಲು ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿದ್ದ, ತಿಂಗಳಿಗೆ 62 ಸಾವಿರ ಕೈಗೆ ಬರ್ತಿತ್ತು. ಒಂದು ಶುಕ್ರವಾರ ಮಧ್ಯಾಹ್ನ ಮೀಟಿಂಗ್ ಕರೆದರು, ಸಂಜೆಯೊಳಗೆ ಲ್ಯಾಪ್‌ಟಾಪ್ ವಾಪಸ್ ಇಸ್ಕೊಂಡರು. ಈಗ ಒಂದು ಚಿಕ್ಕ ಕಂಪನಿಯಿಂದ ಆಫರ್ ಬಂದಿದೆ, 41 ಸಾವಿರ. "ಪಾಸ್ಟರ್, ಇದು ದೇವರು ತೆರೆದ ಬಾಗಿಲಾ? ಇಲ್ಲಾ ನಂಬಿಕೆ ಕಡಿಮೆಯಾಗಿ ನಾನೇ ಒಪ್ಕೊಳ್ತಿದ್ದೀನಾ?" ಅಂದ.

"ಪ್ರಾರ್ಥನೆ ಮಾಡೋಣ ತಮ್ಮಾ" ಅಂದುಬಿಟ್ಟೆ. ಪ್ರಾರ್ಥನೆಯನ್ನೂ ಮಾಡಿದೆ. ಆದರೆ ಮನೆಗೆ ಹೋಗುವಾಗ ಗಾಡಿ ಮೇಲೆ ನನ್ನ ಮನಸ್ಸಾಕ್ಷಿ ಸುಮ್ಮನಿರಲಿಲ್ಲ. ಯಾಕಂದರೆ ಇದೇ ಪ್ರಶ್ನೆಗೆ ಮೂರು ವರ್ಷದ ಹಿಂದೆ ನಾನು ಇನ್ನೊಬ್ಬ ಸಹೋದರನಿಗೆ ಉತ್ತರ ಕೊಟ್ಟಿದ್ದೆ, ಬಹಳ ಧೈರ್ಯವಾಗಿ ಕೊಟ್ಟಿದ್ದೆ. "ಬೇಡ ಅನ್ನು ಬ್ರದರ್, ಯೋಬನಿಗೆ ದೇವರು ಎರಡರಷ್ಟು ಕೊಟ್ಟ, ನಿನಗೂ ಕೊಡ್ತಾನೆ" ಅಂದಿದ್ದೆ. ಅವರು ನನ್ನ ಮಾತು ಕೇಳಿ ಆಫರ್ ಬಿಟ್ಟರು. ಮುಂದೆ ಐದು ತಿಂಗಳು ಏನೂ ಬರಲಿಲ್ಲ. ಹೆಂಡತಿಯ ಬಳೆ ಅಡ ಇಟ್ಟರು. ಕೊನೆಗೆ ಅವರು ಸೇರಿದ್ದು ಮೊದಲು ಬಿಟ್ಟಿದ್ದಕ್ಕಿಂತ ಕಡಿಮೆ ಸಂಬಳಕ್ಕೆ. ಈ ಮೂರು ವರ್ಷದಲ್ಲಿ ಒಂದು ದಿನವೂ ಅವರು "ಪಾಸ್ಟರ್, ನೀವು ಹಾಗಂದ್ರಿ" ಅಂತ ನನಗೆ ಅಂದಿಲ್ಲ. ಪ್ರತಿ ಭಾನುವಾರ ಬಂದು ಹಿಂದಿನ ಸಾಲಿನಲ್ಲಿ ಕೂತ್ಕೊಳ್ತಾರೆ.

ಇದಕ್ಕಿಂತ ನಾಚಿಕೆಯದ್ದು ಇನ್ನೊಂದಿದೆ. 2020ರ ಲಾಕ್‌ಡೌನ್‌ನಲ್ಲಿ ನನ್ನ ಕೆಲಸವೂ ಹೋಗಿತ್ತು. ಆಗ ನಾನು ಹೋಟೆಲ್ ಒಂದರ ಫ್ರಂಟ್ ಆಫೀಸಿನಲ್ಲಿದ್ದೆ. ಹೋಟೆಲ್‌ಗಳೇ ಮುಚ್ಚಿದ್ದವು, ಕೆಲಸ ಎಲ್ಲಿಂದ ಬರಬೇಕು? ಆರು ತಿಂಗಳ ಮೇಲೆ ಒಂದು ಗೋಡೌನ್‌ನಲ್ಲಿ ಬಿಲ್ಲಿಂಗ್ ಕೆಲಸ ಸಿಕ್ಕಿತು, ಹಿಂದಿನ ಸಂಬಳದ ಅರ್ಧ. ಮರುಯೋಚನೆ ಇಲ್ಲದೆ ಸೇರಿದೆ. ಮಗುವಿಗೆ ಹಾಲು ಬೇಕಿತ್ತು. ಆದರೆ ಸಭೆಯಲ್ಲಿ ಏನಂದೆ ಗೊತ್ತಾ? "ದೇವರು ಹೊಸ ಕೆಲಸ ಕೊಟ್ಟ" ಅಂತ ಸಾಕ್ಷಿ ಹೇಳಿದೆ. ಎಷ್ಟು ಅಂತ ಹೇಳಲಿಲ್ಲ. ನಾನು ಅರ್ಧಕ್ಕೆ ಒಪ್ಪಿದವನು, ಇನ್ನೊಬ್ಬರಿಗೆ ಎರಡರಷ್ಟು ಬರೋವರೆಗೆ ಕಾಯಿ ಅಂದೆ.

ನಮ್ಮ ಸಾಕ್ಷಿ ಸಮಯವನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. ಪ್ರಮೋಷನ್ ಬಂತು, ಪ್ಯಾಕೇಜ್ ಜಾಸ್ತಿಯಾಯ್ತು, ವೀಸಾ ಆಯ್ತು. ಸ್ತೋತ್ರ, ಅವೆಲ್ಲ ಕೃಪೆಯೇ. ಆದರೆ "ಇಪ್ಪತ್ತು ಸಾವಿರ ಕಡಿಮೆಗೆ ಸೇರಿದೆ, ಕರ್ತನಿಗೆ ಸ್ತೋತ್ರ" ಅಂತ ಮೈಕ್ ಹಿಡಿದವರು ಯಾರಾದರೂ ಇದ್ದಾರಾ? ಇಲ್ಲ. ಹಾಗಾಗಿ ನಮ್ಮ ಹುಡುಗ ಹುಡುಗಿಯರಿಗೆ ಸಂಬಳ ಏರಿದರೆ ಮಾತ್ರ ಆಶೀರ್ವಾದ, ಇಳಿದರೆ ಪಾಪವೋ ಶಾಪವೋ ಅನ್ನೋ ಭಾವನೆ ಬಂದುಬಿಟ್ಟಿದೆ. ನಾವು ಯಾರೂ ಹಾಗೆ ಬೋಧಿಸಲಿಲ್ಲ, ಆದರೂ ಅವರು ಅದನ್ನೇ ಕಲಿತರು.

ಈಗ ಮತ್ತಾಯ 20ನೇ ಅಧ್ಯಾಯ ತೆಗೆಯಿರಿ. ದ್ರಾಕ್ಷೇತೋಟದ ಯಜಮಾನ ಬೆಳಿಗ್ಗೆ ಹೋಗಿ ಕೂಲಿಯವರನ್ನು ಕರೆಯುತ್ತಾನೆ. ಅವರ ಜೊತೆ ಒಂದು ಬೆಳ್ಳಿ ನಾಣ್ಯಕ್ಕೆ ಮಾತಾಗುತ್ತೆ, ಆ ಕಾಲದ ಒಂದು ದಿನದ ಕೂಲಿ ಅದು. ಒಂಬತ್ತು ಗಂಟೆಯವರಿಗೆ "ನ್ಯಾಯವಾದದ್ದು ಕೊಡ್ತೀನಿ" ಅನ್ನೋ ಮಾತು ಮಾತ್ರ. ಸಂಜೆ ಐದರವರಂತೂ ಎಷ್ಟು ಅಂತ ಕೇಳಲೇ ಇಲ್ಲ. ಈ ಭಾಗವನ್ನು ನಾವು ಯಾವಾಗಲೂ ರಕ್ಷಣೆಯ ಬಗ್ಗೆ ಬೋಧಿಸುತ್ತೇವೆ, ಅದು ಸರಿಯೇ. ಆದರೆ ಒಂದು ಸಲ ಸುಮ್ಮನೆ ಕೆಲಸ ಇಲ್ಲದವನ ಕಣ್ಣಿನಿಂದ ಓದಿ. ನಮ್ಮ ಬೆಂಗಳೂರಿನ ಎಷ್ಟೋ ಸರ್ಕಲ್‌ಗಳಲ್ಲಿ ಬೆಳಿಗ್ಗೆ ಏಳಕ್ಕೆ ಗಾರೆ ಕೆಲಸದವರು ಊಟದ ಡಬ್ಬಿ ಹಿಡ್ಕೊಂಡು ನಿಂತಿರ್ತಾರಲ್ಲ. ಏಳು ಗಂಟೆಗೆ ಅವರು ರೇಟ್ ಮಾತಾಡ್ತಾರೆ. ಹತ್ತು ಗಂಟೆಗೆ ಉಳಿದವನಿಗೆ ರೇಟ್ ಮಾತಾಡೋ ಶಕ್ತಿ ಇರಲ್ಲ. ಅವನ ಕೈಗೆಲಸ ಮೂರು ಗಂಟೆಯಲ್ಲಿ ಕೆಟ್ಟುಹೋಯ್ತಾ? ಇಲ್ಲ. ಹೊತ್ತು ಹೋಯ್ತು, ಅಷ್ಟೇ. ಏಳು ತಿಂಗಳು ಕಾದ ನಮ್ಮ ತಮ್ಮನೂ ಈಗ ಹತ್ತು ಗಂಟೆಯವನು. 41 ಸಾವಿರ ಅನ್ನೋದು ಆ ದಿನದ ಆ ಹೊತ್ತಿನ ರೇಟು. ಅವನ ಬೆಲೆ ಅಲ್ಲ. ಅದು ಹೇಳೋದಕ್ಕೆ ಸುಲಭ, ಆಫರ್ ಲೆಟರ್ ನೋಡುವಾಗ ಹೊಟ್ಟೆಯಲ್ಲಿ ಹಾಗೆ ಅನಿಸಲ್ಲ, ನನಗೆ ಗೊತ್ತು.

ಹಾಗಾದರೆ ಏನೇ ಕೊಟ್ಟರೂ ತಲೆ ಬಗ್ಗಿಸಿ ಒಪ್ಕೋಬೇಕಾ? ಬುಧವಾರದ ಪ್ರಾರ್ಥನೆಯಲ್ಲಿ ಒಬ್ಬ ಸಹೋದರಿ ಒಳ್ಳೆ ಪ್ರಶ್ನೆ ಕೇಳಿದರು. "ಅಣ್ಣಾ, ನಾನು ಕಡಿಮೆಗೆ ಒಪ್ಪಿದರೆ ನನ್ನ ಪಕ್ಕ ಕೂರೋರ ಸಂಬಳಕ್ಕೂ ಕಲ್ಲು ಬೀಳಲ್ವಾ?" ಅಂತ. ಬೀಳಬಹುದು. ಕಂಪನಿಯವರು "ಇಷ್ಟಕ್ಕೇ ಜನ ಸಿಗ್ತಾರೆ" ಅಂತ ಲೆಕ್ಕ ಹಾಕ್ತಾರೆ. ಆದರೆ ಆ ಭಾರವನ್ನೆಲ್ಲ ಬಾಡಿಗೆ ಕಟ್ಟಲಾಗದವನ ತಲೆ ಮೇಲೆ ಹಾಕೋದು ನ್ಯಾಯ ಅಂತ ನನಗೆ ಅನಿಸಲ್ಲ. ಅವನು ಮಾಡಬಹುದಾದದ್ದು ಇಷ್ಟು, ಕೇಳೋದು. ಕೇಳಿದರೆ ದೀನತೆ ಹೋಗಲ್ಲ. ಯಾಕೋಬನು ಲಾಬಾನನ ಹತ್ತಿರ ತನ್ನ ಸಂಬಳ ಏನಿರಬೇಕು ಅಂತ ತಾನೇ ಹೇಳಿದ, ಆದಿಕಾಂಡ 30ರಲ್ಲಿ ಇದೆ. ಆಮೇಲೆ ಲಾಬಾನ ಹತ್ತು ಸಲ ಸಂಬಳ ಬದಲಾಯಿಸಿದ ಅಂತ 31ರಲ್ಲಿ ಯಾಕೋಬನೇ ದೂರುತ್ತಾನೆ. ಅದನ್ನು ಬೈಬಲ್ ದೈವಚಿತ್ತ ಅಂತ ಹೊಗಳಲ್ಲ, ಮೋಸ ಅಂತಲೇ ತೋರಿಸುತ್ತೆ. ಕಡಿಮೆ ಸಂಬಳ ಬೇರೆ, ಅನ್ಯಾಯದ ಸಂಬಳ ಬೇರೆ. ಸೇರೋಕೆ ಮುಂಚೆ ಡೆಪಾಸಿಟ್ ಕೇಳಿದರೆ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಕೊಳ್ತೀವಿ ಅಂದರೆ, ಯಾವುದನ್ನೂ ಬರೆದು ಕೊಡದೆ ಬಾಯಲ್ಲೇ ಹೇಳಿದರೆ, ಅಲ್ಲಿಂದ ಎದ್ದು ಬನ್ನಿ. ಅದಕ್ಕೆ ಉಪವಾಸ ಪ್ರಾರ್ಥನೆ ಬೇಕಿಲ್ಲ.

ಇನ್ನು ಲೆಕ್ಕ. ನಂಬಿಕೆಯವರು ಲೆಕ್ಕ ಹಾಕಬಾರದು ಅಂತ ಕೆಲವರು ಅಂದ್ಕೊಂಡಿದ್ದಾರೆ. ಗೋಪುರ ಕಟ್ಟೋಕೆ ಮುಂಚೆ ಕೂತು ಖರ್ಚು ಎಣಿಸುವವನ ಮಾತು ಯೇಸುವೇ ಹೇಳಿದ್ದು, ಲೂಕ 14. ಅಲ್ಲಿ ಆತ ಶಿಷ್ಯತ್ವದ ಬಗ್ಗೆ ಹೇಳ್ತಿದ್ದ, ಆದರೂ ಎಣಿಸೋದನ್ನು ತಪ್ಪು ಅನ್ನಲಿಲ್ಲ. ನಮ್ಮ ತಮ್ಮ 62 ಸಾವಿರವೇ ಬೇಕು ಅಂತ ಇನ್ನೂ ನಾಲ್ಕು ತಿಂಗಳು ಕಾದ ಅಂದ್ಕೊಳ್ಳಿ. ಬಿಟ್ಟ ಸಂಬಳ 1 ಲಕ್ಷ 64 ಸಾವಿರ. ಆಮೇಲೆ 62 ಸಿಕ್ಕಿದರೂ ತಿಂಗಳಿಗೆ 21 ಸಾವಿರ ಹೆಚ್ಚು, ಅಂದರೆ ಕಳಕೊಂಡದ್ದು ತುಂಬೋಕೇ ಸುಮಾರು ಎಂಟು ತಿಂಗಳು. ಅದೂ ನಾಲ್ಕೇ ತಿಂಗಳಲ್ಲಿ ಸಿಕ್ಕಿದರೆ.

ಆದರೆ ಇದರ ಇನ್ನೊಂದು ಪಕ್ಕವೂ ಇದೆ, ಅದನ್ನು ಮುಚ್ಚಿಡಬಾರದು. ಮುಂದಿನ ಕಂಪನಿಯ ಎಚ್‌ಆರ್ ಮೊದಲು ಕೇಳೋದೇ ಹಿಂದಿನ ಸಂಬಳ ಎಷ್ಟು ಅಂತ, 41 ಅಂದರೆ 48 ಕೊಟ್ಟು ದೊಡ್ಡ ಉಪಕಾರ ಮಾಡಿದಂತೆ ಮಾತಾಡ್ತಾರೆ. ಕೆಲಸಕ್ಕೆ ಹೋಗ್ತಾ ಇಂಟರ್‌ವ್ಯೂ ಕೊಡೋಕೂ ರಜೆ ಸಿಗಲ್ಲ. ಕಲಿತ ಕೆಲಸಕ್ಕೆ ಸಂಬಂಧವೇ ಇಲ್ಲದ ಕಡೆ ಎರಡು ವರ್ಷ ಕೂತರೆ ಕೈ ಜಡ್ಡುಗಟ್ಟುತ್ತೆ. ಮನೆಯಲ್ಲಿ ಉಳಿತಾಯ ಇದ್ದು, ನಿಮ್ಮನ್ನೇ ನಂಬಿಕೊಂಡವರು ಯಾರೂ ಇಲ್ಲದಿದ್ದರೆ, ಒಂದು ತಾರೀಖು ಇಟ್ಕೊಂಡು ಕಾಯೋದು ತಪ್ಪಲ್ಲ. ನನ್ನ ತಕರಾರು ತಾರೀಖೇ ಇಲ್ಲದ ಕಾಯುವಿಕೆ ಮೇಲೆ. ಅಪ್ಪನ ಪೆನ್ಷನ್ನಿನಲ್ಲಿ ಊಟ ಮಾಡ್ತಾ, ಅಮ್ಮನ ಬಿಪಿ ಮಾತ್ರೆ ಸಾಲದಲ್ಲಿ ತರ್ತಾ, "ನಾನು ನಂಬಿಕೆಯಿಂದ ಕಾಯ್ತಿದ್ದೀನಿ" ಅನ್ನೋದು. ಆಗ ಕಾಯ್ತಿರೋದು ನಾವಲ್ಲ, ನಮಗೋಸ್ಕರ ಮನೆಯವರು ಕಾಯ್ತಿದ್ದಾರೆ.

ಪೌಲನ ವಿಷಯ ಒಂದು ನಿಮಿಷ. ಗಮಲಿಯೇಲನ ಪಾದದ ಬಳಿ ಕಲಿತ ಮನುಷ್ಯ ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಜೊತೆ ಗುಡಾರದ ಕೆಲಸ ಮಾಡಿದ. ಸೀಲ, ತಿಮೊಥೆಯ ಮಕೆದೋನ್ಯದಿಂದ ಬಂದ ಮೇಲೆ ವಾಕ್ಯಸೇವೆಯಲ್ಲೇ ಪೂರ್ತಿ ತೊಡಗಿದ ಅಂತ ಅಪೊಸ್ತಲರ ಕೃತ್ಯ 18ರಲ್ಲಿದೆ. ಸೂಜಿ ಹಿಡಿದಾಗಲೂ ಅವನು ಅಪೊಸ್ತಲನೇ.

ಇನ್ನೊಂದು ಮಾತು, ಯಾರಿಗಾದರೂ ನೋವಾದರೆ ಕ್ಷಮಿಸಿ. ಹಳೇ ಪೇಸ್ಲಿಪ್‌ನಲ್ಲಿ ಅಂಕಿ ತಿದ್ದಿ, ಇಲ್ಲದ ಅನುಭವಕ್ಕೆ ದುಡ್ಡು ಕೊಟ್ಟು ಲೆಟರ್ ತಂದು, ಆಮೇಲೆ ಆ ಆಫರ್ ಲೆಟರ್ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಅಂತ ನನ್ನ ಹತ್ತಿರ ತಂದವರಿದ್ದಾರೆ. ಸತ್ಯ ಹೇಳಿ ಸಿಕ್ಕ 41 ಸಾವಿರಕ್ಕೆ ನಾನು ಎರಡೂ ಕೈ ಇಡ್ತೀನಿ. ಹಾಗೇ, ಎರಡು ತಿಂಗಳಲ್ಲಿ ಬಿಡ್ತೀನಿ ಅಂತ ಮನಸ್ಸಿನಲ್ಲಿ ನಿಶ್ಚಯ ಮಾಡ್ಕೊಂಡು "ಮೂರು ವರ್ಷ ಇರ್ತೀನಿ ಸಾರ್" ಅನ್ನೋದೂ ಸುಳ್ಳೇ. ಒಳ್ಳೆಯದು ಸಿಕ್ಕಿದರೆ ಹೋಗಿ, ನೋಟಿಸ್ ಪೀರಿಯಡ್ ಪೂರ್ತಿ ಮಾಡಿ ಹೋಗಿ. ಕೇಳದ ಮಾತು ಕೊಡಬೇಡಿ.

ಗುರುವಾರ ನಾನು ಹಿಂದಿನ ಸಾಲಿನ ಆ ಸಹೋದರನ ಮನೆಗೆ ಹೋದೆ. ಕ್ಷಮೆ ಕೇಳಿದೆ. ಅವರು ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ಪಾಸ್ಟರ್, ನನಗೂ ಬೇಡ ಅನ್ನೋಕೆ ಮನಸ್ಸಿತ್ತು, ನೀವು ಹೇಳಿದ್ದು ಅನುಕೂಲವಾಯ್ತು" ಅಂದರು. ಅವರ ಹೆಂಡತಿ ಕಾಫಿ ತಂದಿಟ್ಟರು. ಕೈಯಲ್ಲಿ ಗಾಜಿನ ಬಳೆ. ನನಗೆ ಕಾಫಿ ಇಳಿಯಲಿಲ್ಲ.

ಆ ತಮ್ಮನ ನಂಬರನ್ನು ಅವರೇ ಕೇಳಿ ಇಸ್ಕೊಂಡರು. ನಿನ್ನೆ ಇಬ್ಬರೂ ಕೂತು ಬಾಡಿಗೆ, ಬೈಕ್ ಇಎಂಐ, ಅಮ್ಮನ ಔಷಧಿ ಎಲ್ಲ ಒಂದು ಹಾಳೆಯಲ್ಲಿ ಬರೆದಿದ್ದಾರೆ. ಕಂಪನಿಗೆ 45 ಕೇಳಿ, ಆರು ತಿಂಗಳಿಗೆ ರಿವ್ಯೂ ಅಂತ ಲೆಟರ್‌ನಲ್ಲಿ ಬರೆಸಿಕೊಳ್ಳೋಣ ಅಂತ ಮಾತಾಗಿದೆ. ಉತ್ತರ ಇನ್ನೂ ಬಂದಿಲ್ಲ. 41 ಅಂತಲೇ ಅಂದರೂ ಸೇರ್ತೀನಿ ಅಂದಿದ್ದಾನೆ.

ಈಗ ಪ್ರಾರ್ಥನೆಗೆ ಏಳೋಣ. ಮುಗಿದ ಮೇಲೆ ಕೆಲಸ ಹುಡುಕುತ್ತಿರುವವರು ಹೊರಡಬೇಡಿ, ಸಂಡೇ ಸ್ಕೂಲ್ ರೂಮಿಗೆ ಬನ್ನಿ. ಆ ಸಹೋದರ ಅಲ್ಲಿ ಹಾಳೆ, ಪೆನ್ನು ಇಟ್ಕೊಂಡು ಕೂತಿರ್ತಾರೆ. ರೆಸ್ಯೂಮೆ ತಿದ್ದೋಕೆ ಇನ್ನಿಬ್ಬರು ಲ್ಯಾಪ್‌ಟಾಪ್ ತಂದಿದ್ದಾರೆ.